ನಮ್ಮ ನೆಲದ ಸೂರ್ಯಕಾಂತಿ

ಸೂರ್ಯಕಾಂತಿ ಎಂದೊಡನೆ ನಿಮ್ಮ ಕಣ್ಣ ಮುಂದೆ ನಿಲ್ಲುವುದು ಆಳೆತ್ತರದ ಗಿಡ, ಊಟದ ತಟ್ಟೆಯಷ್ಟು ಅಗಲವಾದ ಹೂ. ಗುಂಡ್ಲುಪೇಟೆ ರಸ್ತೆಯ ಹೊಲಗಳಲ್ಲಿ ಅದು ಅರಳಿದಾಗ ನೋಡಲೆಂದೇ ಜನ ವಾಹನ ನಿಲ್ಲಿಸಿ ಇಳಿಯುತ್ತಾರೆ. ಆದರೆ ಆ ಗಿಡ ನಮ್ಮ ನೆಲದ್ದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು 4000 ವರ್ಷಗಳಿಗೂ ಹಿಂದೆ ಅದನ್ನು ಕಾಡಿನಿಂದ ಹೊಲಕ್ಕೆ ತಂದರು. 16ನೆಯ ಶತಮಾನದಲ್ಲಿ ಅದು ಯುರೋಪು ಸೇರಿತು. ರಷ್ಯದಲ್ಲಿ ಎಣ್ಣೆಯ ಬೆಳೆಯಾಯಿತು. ಆ ರಷ್ಯನ್ ತಳಿಗಳು 1969ರ ಸುಮಾರಿಗೆ ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಬಿ.ಎಸ್.ಎಚ್.-1 ನಮ್ಮ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್. ಇದು ಬೆಳೆ. ಬಿತ್ತಿ, ಕೊಯ್ದು, ಮುಗಿಸುವ ಏಕವಾರ್ಷಿಕ ಸಸ್ಯ.

ಸೂರ್ಯಕಾಂತಿಯ ಕುಲಕ್ಕೆ ಸಸ್ಯವಿಜ್ಞಾನಿಗಳು ಹೀಲಿಯಾಂಥಸ್ ಎನ್ನುತ್ತಾರೆ. ಅದರಲ್ಲಿ ಸುಮಾರು 50 ಪ್ರಭೇದಗಳಿವೆ, ಹೆಚ್ಚಿನವು ಬಹುವಾರ್ಷಿಕ. ಒಮ್ಮೆ ನೆಟ್ಟರೆ ಬೇರು ನೆಲದಲ್ಲೇ ಉಳಿದು ವರ್ಷ ವರ್ಷವೂ ಚಿಗುರುತ್ತವೆ. ಅಮೆರಿಕದಲ್ಲಿ ಮನೆಯಂಗಳದ ತೋಟಗಳಿಗೆ ಇಂಥ ಸ್ಥಳೀಯ ಬಹುವಾರ್ಷಿಕ ಸೂರ್ಯಕಾಂತಿಗಳನ್ನು ಹುಡುಕಿ ತಂದು ನೆಡುತ್ತಾರೆ. ಹೂವು ಜೇನಿಗೆ, ಬೀಜ ಹಕ್ಕಿಗೆ, ನೋಟ ಮನುಷ್ಯನಿಗೆ. ಹಾಗಾದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಶಾಲಾ ಕಾಲೇಜುಗಳ ಅಂಗಳದಲ್ಲಿ ನೆಡಬಹುದಾದ, ಈ ನೆಲದ್ದೇ ಆದ ಸೂರ್ಯಕಾಂತಿ ಯಾವುದು?

ಹೀಲಿಯಾಂಥಸ್ ಕುಲದ ಒಂದು ಗಿಡವೂ ಭಾರತದ ಮೂಲದ್ದಲ್ಲ. ಆದರೆ ಅದೇ ಕುಟುಂಬಕ್ಕೆ ಸೇರಿದ, ಅದೇ ಮುಖಚಹರೆಯ, ಭಾರತದ್ದೇ ಆದ ಒಂದು ಬಹುವಾರ್ಷಿಕ ಗಿಡವಿದೆ. ಹಳದಿ ಗರುಗ. ಕೂದಲಿನ ಎಣ್ಣೆಗೆ ಹಾಕುವ ಬಿಳಿ ಹೂವಿನ ಗರುಗ ನಿಮಗೆ ಗೊತ್ತಿರುತ್ತದೆ. ಅದರ ನೆಂಟ ಇದು. ಆಯುರ್ವೇದದಲ್ಲಿ ಇದಕ್ಕೆ ಪೀತಭೃಂಗರಾಜ ಎಂಬ ಹೆಸರು. ತಮಿಳುನಾಡಿನಲ್ಲಿ ಮಂಜಳ್ ಕರಿಸಲಾಂಗಣ್ಣಿ ಎಂದು ಕರೆದು ಸೊಪ್ಪಾಗಿಯೂ ಬಳಸುತ್ತಾರೆ. ಸಸ್ಯವಿಜ್ಞಾನದಲ್ಲಿ ಬಹುಕಾಲ ವೆಡೀಲಿಯ ಎಂದಿದ್ದ ಹೆಸರು ಈಗ ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡುಲೇಸಿಯ ಎಂದಾಗಿದೆ. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ, ಗಿಡವನ್ನು ಗುರುತಿಸಲು ಬಂದರೆ ಸಾಕು.

ಇದು ಎತ್ತರಕ್ಕೆ ಏಳುವ ಗಿಡವಲ್ಲ. ನೆಲದ ಮೇಲೆ ಹರಿದು, ಗೆಣ್ಣು ಗೆಣ್ಣಿನಲ್ಲಿ ಬೇರು ಬಿಟ್ಟು, ತುದಿಯನ್ನು ಮಾತ್ರ ಮೇಲಕ್ಕೆ ಎತ್ತುತ್ತದೆ. ಎಲೆಗಳು ಜೋಡಿ ಜೋಡಿ, ಉದ್ದನೆಯವು, ಮುಟ್ಟಿದರೆ ಒರಟು. ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಒಂದು ಹೂ, ರೂಪಾಯಿ ನಾಣ್ಯದಷ್ಟು ಅಗಲ. ತೇವವಿರುವ ಬದು, ಕಾಲುವೆಯ ಅಂಚು, ನೀರು ಜಿನುಗುವ ತಗ್ಗು ಇದಕ್ಕೆ ಇಷ್ಟವಾದ ಜಾಗ. ಕಳೆ ಕೀಳುವವರ ಕೈಗೆ ಮೊದಲು ಸಿಕ್ಕುವುದೂ ಇಂಥದ್ದೇ ಗಿಡ.

ಒಂದು ಹೂ ಎಂದೆ. ನಿಜವಾಗಿ ಅದು ಒಂದಲ್ಲ. ಒಂದು ಭೂತಗನ್ನಡಿ ತೆಗೆದುಕೊಂಡು ನೋಡಿ. ನಡುವಿನ ತಟ್ಟೆಯಲ್ಲಿ ಕಾಣುವ ಪ್ರತಿಯೊಂದು ಚುಕ್ಕೆಯೂ ಒಂದು ಪೂರ್ಣ ಹೂವು. ಅಂಚಿನಲ್ಲಿ ದಳದಂತೆ ಕಾಣುವ ಪ್ರತಿಯೊಂದು ಹಳದಿ ನಾಲಿಗೆಯೂ ಬೇರೊಂದು ಹೂವು. ಹೀಗೆ ಹತ್ತಾರು ಕಿರುಹೂಗಳು ಒಂದೇ ಪೀಠದ ಮೇಲೆ ಕುಳಿತು ಒಂದೇ ಹೂವಿನಂತೆ ತೋರುತ್ತವೆ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂ, ಡೇಲಿಯಾ ಎಲ್ಲವೂ ಇದೇ ರಚನೆಯವು. ನಡುವಿನ ಕಿರುಹೂಗಳು ಒಂದೇ ದಿನ ಅರಳುವುದಿಲ್ಲ. ಹೊರಸುತ್ತಿನಿಂದ ಒಳಕ್ಕೆ, ಸುತ್ತು ಸುತ್ತಾಗಿ, ಹಲವು ದಿನ ಅರಳುತ್ತವೆ. ಪ್ರತಿ ಕಿರುಹೂವಿನಲ್ಲೂ ಪರಾಗಕೋಶಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿರುತ್ತವೆ. ಆ ಕೊಳವೆಯೊಳಗಿಂದ ಶಲಾಕೆ ಪಿಚಕಾರಿಯ ದಂಡದಂತೆ ಮೇಲೇರುತ್ತಾ ಪರಾಗವನ್ನು ಹೊರಕ್ಕೆ ತಳ್ಳುತ್ತದೆ. ಪರಾಗ ಹೋದ ಮೇಲಷ್ಟೇ ಶಲಾಕಾಗ್ರ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಬೆಳೆಯುವ ಸೂರ್ಯಕಾಂತಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸೂರ್ಯಕಾಂತಿಯ ಅಂಚಿನ ಹೂಗಳು ಬರೀ ಜಾಹೀರಾತು, ಅವು ಕಾಳು ಕಟ್ಟುವುದಿಲ್ಲ. ಹಳದಿ ಗರುಗದ ಅಂಚಿನ ಹೂಗಳು ಹೆಣ್ಣು ಹೂಗಳು, ಬೀಜ ಕಟ್ಟಬಲ್ಲವು.

ಕೀಟಗಳಿಗೆ ಈ ಏರ್ಪಾಡಿನಿಂದ ಏನು ಲಾಭ? ಕುಳಿತಲ್ಲಿಂದ ಏಳದೆ ಹತ್ತು ಹೂವಿನ ಮಕರಂದ. ಕಿರುಹೂವಿನ ಕೊಳವೆ ಆಳವಿಲ್ಲ, ಆದ್ದರಿಂದ ಉದ್ದ ನಾಲಿಗೆಯ ಚಿಟ್ಟೆಯೂ ಬರಬಹುದು, ಗಿಡ್ಡ ನಾಲಿಗೆಯ ಕೋಲುಜೇನೂ ಬರಬಹುದು, ಹೂನೊಣವೂ ಬರಬಹುದು. ದೊಡ್ಡ ಗುಲಾಬಿಯೊಂದನ್ನು ನೂರು ದಳ ಬರುವಂತೆ ತಳಿ ಮಾಡಿದಾಗ ಈ ಬಾಗಿಲು ಮುಚ್ಚಿಹೋಗುತ್ತದೆ: ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ನೋಟಕ್ಕೆ ಸೊಗಸು, ಜೇನಿಗೆ ಖಾಲಿ ಅಂಗಡಿ.

ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಗಿಡದ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಟಿ. ಆರ್. ಗೋವಿಂದಾಚಾರಿ ಮತ್ತು ಅವರ ಸಂಗಡಿಗರು ಇದರಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಅದರ ಅಣುರಚನೆಯನ್ನು 1956ರಲ್ಲಿ ಪ್ರಕಟಿಸಿದರು. ವೆಡೀಲಿಯದಿಂದ ಸಿಕ್ಕಿದ್ದರಿಂದ ಅದಕ್ಕೆ ವೆಡೆಲೊಲ್ಯಾಕ್ಟೋನ್ ಎಂದು ಹೆಸರಾಯಿತು. ಬಿಳಿ ಗರುಗದಲ್ಲೂ ಆ ವಸ್ತು ಇದೆ. ಗಿಡದ ಹೆಸರು ಬದಲಾದರೂ ವಸ್ತುವಿನ ಹೆಸರು ಹಾಗೇ ಉಳಿದಿದೆ. ಇಷ್ಟು ಕೇಳಿದ ಮೇಲೆ ಯಾರೂ ಗಿಡ ಕಿತ್ತು ಮನೆಮದ್ದು ಮಾಡಲು ಹೋಗಬೇಡಿ. ಅದಕ್ಕೆ ಕಾರಣ ಈಗ ಹೇಳುತ್ತೇನೆ.

ಇದೇ ಕುಲದ ಇನ್ನೊಂದು ಗಿಡ ನಮ್ಮ ಊರುಗಳ ಪಾರ್ಕು, ಹೋಟೆಲಿನ ಮುಂಭಾಗ, ರಸ್ತೆ ವಿಭಜಕಗಳಲ್ಲಿ ಧಾರಾಳವಾಗಿದೆ. ಮಧ್ಯ ಹಾಗೂ ದಕ್ಷಿಣ ಅಮೆರಿಕದಿಂದ ಬಂದ ಅದನ್ನು ನರ್ಸರಿಗಳಲ್ಲಿ ವೆಡೀಲಿಯ ಎಂದೋ ಸಿಂಗಪುರ ಡೇಸಿ ಎಂದೋ ಮಾರುತ್ತಾರೆ. ಅದೂ ಹಳದಿ, ಅದೂ ಹರಿದು ಬೆಳೆಯುವುದು, ಅದಕ್ಕೂ ನಾಣ್ಯದ ಗಾತ್ರದ ಹೂ. ಎಲೆ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅಮೆರಿಕದ್ದರ ಎಲೆ ಹೊಳಪಿನದು, ದಪ್ಪ, ಎರಡು ಪಕ್ಕದಲ್ಲಿ ಮೊನೆ ಚಾಚಿ ಮೂರು ಭಾಗವಾದಂತೆ ಕಾಣುತ್ತದೆ. ನಮ್ಮದರ ಎಲೆ ಕಿರಿದು, ಸೀಳಿಲ್ಲದ್ದು, ಒರಟು. ಜಗತ್ತಿನ ಅತಿ ಉಪದ್ರವಿ ಆಕ್ರಮಣಕಾರಿ ಜೀವಿಗಳೆಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಹೆಸರಿಸಿರುವ 100ರ ಪಟ್ಟಿಯಲ್ಲಿ ಈ ಅಮೆರಿಕದ ನೆಂಟನೂ ಇದ್ದಾನೆ. ಅದು ಬೀಜದಿಂದ ಹರಡುವುದು ಕಡಿಮೆ, ಕತ್ತರಿಸಿ ಎಸೆದ ತುಂಡಿನಿಂದ ಹರಡುವುದೇ ಹೆಚ್ಚು. ಹುಣಸೂರಿನಲ್ಲಿ ತೋಟ ಸವರಿ ಚರಂಡಿಗೆ ಎಸೆದ ಕಡ್ಡಿ ಲಕ್ಷ್ಮಣತೀರ್ಥಕ್ಕೆ ಸೇರಬಹುದು. ಲಕ್ಷ್ಮಣತೀರ್ಥ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ದಾರಿಯುದ್ದಕ್ಕೂ ಬದುಗಳಿವೆ, ಕಾಲುವೆಗಳಿವೆ, ತೇವವಿದೆ. ನಮ್ಮ ಹಳದಿ ಗರುಗಕ್ಕೆ ಬೇಕಾದ ಜಾಗಗಳೂ ಅವೇ.

ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಮಾತಿಗೆ ಬೇರೆ ಕಡೆಗಿಂತ ಹೆಚ್ಚು ತೂಕವಿದೆ. ನಾಗರಹೊಳೆಯ ಕಾಡು ಕೋಟೆ, ಹುಣಸೂರು, ಪಿರಿಯಾಪಟ್ಟಣದ ಗಡಿಯಲ್ಲೇ ಇದೆ. ಆ ಕಾಡಿನೊಳಗೆ ಇಂದು ಅರಣ್ಯ ಇಲಾಖೆಗೆ ತಲೆನೋವಾಗಿರುವ ಲಂಟಾನ ಒಂದು ಕಾಲದಲ್ಲಿ ಅಲಂಕಾರದ ಗಿಡ, 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರ ಬಂಡೀಪುರ, ನಾಗರಹೊಳೆ, ವಯನಾಡುಗಳಲ್ಲಿ ಹಬ್ಬಿದೆ. ಅದರ ಹಳದಿ ಗೊಂಚಲು ನೋಡಿ ನಮ್ಮ ಕಕ್ಕೆ ಮರವೆಂದು ಸಂತೋಷಪಡುವವರಿದ್ದಾರೆ. ಅದೂ ನೆರಳಿಗೆ, ಚೆಲುವಿಗೆ ಎಂದು ಅಮೆರಿಕ ಖಂಡದಿಂದ ಬಂದದ್ದೇ. ಕಡಿದರೆ ಬುಡದಿಂದ ಮತ್ತೆ ಹತ್ತು ಚಿಗುರು ಏಳುತ್ತವೆ. ಅದರ ದಟ್ಟ ಗುಂಪಿನ ಕೆಳಗೆ ಜಿಂಕೆ, ಕಡವೆ, ಕಾಟಿಗಳು ಮೇಯುವ ಹುಲ್ಲು ಬೆಳೆಯುವುದಿಲ್ಲ. ಮೇವಿಲ್ಲದ ಪ್ರಾಣಿ ಎಲ್ಲಿಗೆ ಬರುತ್ತದೆ ಎಂಬುದು ಕಾಡಂಚಿನ ಊರಿನ ಮಕ್ಕಳಿಗೆ ನಾನು ಹೇಳಿಕೊಡಬೇಕಾದ್ದಲ್ಲ.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ರಾಗಿ ಹೊಲದ ಅಕ್ಕಡಿ ಸಾಲಿನ ಹುಚ್ಚೆಳ್ಳು ಇಥಿಯೋಪಿಯದ ಕಡೆಯದು, ಅದೂ ಸೂರ್ಯಕಾಂತಿ ಕುಟುಂಬದ್ದೇ. ಎಷ್ಟೋ ಶತಮಾನಗಳಿಂದ ನಮ್ಮೊಡನಿದೆ. ಜೇನಿಗೆ ಹೂ ಕೊಟ್ಟು, ನಮಗೆ ಎಣ್ಣೆ ಮತ್ತು ಚಟ್ನಿಪುಡಿ ಕೊಟ್ಟು, ಕೊಯ್ಲಿನೊಂದಿಗೆ ಸುಮ್ಮನೆ ಮುಗಿಯುತ್ತದೆ. ಬೇಲಿ ಹಾರುವುದಿಲ್ಲ. ಬಂದ ಊರಿಗಿಂತ ಈ ಬೇಲಿ ಹಾರುವ ಗುಣವೇ ಮುಖ್ಯ.

ಬೇಲಿ ಹಾರಿದ್ದಕ್ಕೆ ಇನ್ನೊಂದು ಉದಾಹರಣೆ ಅದೇ ಕುಟುಂಬದಲ್ಲಿದೆ, ಕಾಂಗ್ರೆಸ್ ಹುಲ್ಲು, ಪಾರ್ಥೇನಿಯಂ. ಅದು ತನ್ನ ತವರಾದ ಮೆಕ್ಸಿಕೋದಲ್ಲಿ ಇಷ್ಟು ಸೊಕ್ಕಿ ಬೆಳೆಯುವುದಿಲ್ಲ, ತಿನ್ನುವ ಕೀಟಗಳು ಅಲ್ಲಿವೆ. ಅಂಥ ಒಂದು ಜೀರುಂಡೆಯನ್ನು, ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಯುಳ್ಳ ಜೈಗೋಗ್ರಾಮವನ್ನು, ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಪಾರ್ಥೇನಿಯಂ ತಿಂದು ಚೆನ್ನಾಗಿಯೇ ವೃದ್ಧಿಯಾಯಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಬೆಳೆಯ ಎಲೆಯ ಮೇಲೂ ಕಂಡಾಗ ರೈತರಲ್ಲಿ ದಿಗಿಲು ಹುಟ್ಟಿತು. ಪತ್ರಿಕೆಗಳಲ್ಲಿ ಚರ್ಚೆಯಾಯಿತು, ತಜ್ಞರ ಸಮಿತಿ ಕುಳಿತಿತು. ಕೊನೆಗೆ ಸಂಶೋಧಕರು ಕಂಡದ್ದು ಇದು: ಹೊಲದ ಸುತ್ತ ಬೆಳೆದ ಪಾರ್ಥೇನಿಯಂನ ಪರಾಗ ಗಾಳಿಯಲ್ಲಿ ಬಂದು ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಾಗ, ಆ ರುಚಿಗೆ ಮೋಸಹೋಗಿ ಜೀರುಂಡೆ ಎಲೆಯನ್ನು ಕಚ್ಚುತ್ತಿತ್ತು. ಕೀಟ ಮತ್ತು ಗಿಡದ ನಂಟು ಎಷ್ಟು ನಿಕಟವಾದದ್ದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಸಾವಿರಾರು ವರ್ಷ ಜೊತೆಗೆ ಬಾಳಿದ ಗಿಡವೂ ಕೀಟವೂ ಒಂದರ ರುಚಿ ಒಂದಕ್ಕೆ ಗೊತ್ತಿರುವಂಥವು. ತೋಟಕ್ಕೆ ಸ್ಥಳೀಯ ಗಿಡ ಬೇಕೆನ್ನುವುದು ಇದಕ್ಕಾಗಿಯೇ ಹೊರತು ಅಭಿಮಾನಕ್ಕಾಗಿ ಅಲ್ಲ.

ಇನ್ನು ತೋಟಕ್ಕೆ ಬರೋಣ. ದೂರದರ್ಶನದ ಕೆಲಸದಲ್ಲಿರುವ ನನಗೆ ಅಚ್ಚುಕಟ್ಟಾದ ತೋಟದ ಆಕರ್ಷಣೆ ಗೊತ್ತು. ಸಮನಾಗಿ ಕತ್ತರಿಸಿದ ಹುಲ್ಲು, ಸುಣ್ಣ ಬಳಿದ ಇಟ್ಟಿಗೆ, ಸಾಲು ಕ್ರೋಟನ್. ದೂರದಿಂದ ತೆಗೆದ ಚಿತ್ರದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಹತ್ತಿರದ ಲೆನ್ಸ್ ಹಾಕಿ ಅರ್ಧ ಗಂಟೆ ಕಾದರೂ ಆ ಚೌಕಟ್ಟಿನೊಳಗೆ ಒಂದು ಜೀವಿಯೂ ಅಲುಗುವುದಿಲ್ಲ. ಶಾಲೆಗಳಲ್ಲಿ ತೋಟದ ಸ್ಪರ್ಧೆಗೆ ಅಂಕ ಕೊಡುವಾಗ ಈ ದೂರದ ಚಿತ್ರವನ್ನೇ ನೋಡುತ್ತಾರೆ. ಅದಕ್ಕಾಗಿ ತರಗೆಲೆ ಗುಡಿಸಿ ಬೆಂಕಿ ಹಚ್ಚುವುದು, ಕಳೆನಾಶಕ ಸಿಂಪಡಿಸುವುದು ನಡೆಯುತ್ತದೆ. ಇನ್ನೊಂದು ಕಡೆ, ಕಾಡಿನಂತೆ ಬಿಟ್ಟರೆ ಹಾವಿನ ಭಯ, ಮುಖ್ಯೋಪಾಧ್ಯಾಯರ ಗದರಿಕೆ. ಇವೆರಡರ ನಡುವೆ ದಾರಿ ಇದೆ: ಅಂಚು ಖಡಕ್ಕಾಗಿರಲಿ, ಒಳಗೆ ಗಿಡ ತನ್ನಷ್ಟಕ್ಕೆ ಇರಲಿ.

ಹಳದಿ ಗರುಗಕ್ಕೆ ಜಾಗ ಹುಡುಕುವುದು ಸುಲಭ. ಶಾಲೆಯ ನಲ್ಲಿಯ ಬಳಿ, ಕೈಪಂಪಿನ ಕೆಳಗೆ, ಬಿಸಿಯೂಟದ ತಟ್ಟೆ ತೊಳೆಯುವಲ್ಲಿ ನೀರು ಹರಿದು ರಾಡಿಯಾಗುವ ಜಾಗವಿರುತ್ತದಲ್ಲ, ಅದೇ ಸರಿಯಾದ ಜಾಗ. ಕೆ.ಆರ್. ನಗರದ ಕಾಲುವೆ ಬಯಲಿನ ಶಾಲೆಗಳಿಗೆ ಇದು ಇನ್ನೂ ಸುಲಭ. ಜೂನ್, ಜುಲೈ ಮಳೆ ಹಿಡಿದ ಮೇಲೆ ನೆಡಬೇಕು. ಔಷಧಿ ಸಸ್ಯಗಳ ನರ್ಸರಿಯಿಂದಲೋ, ಮಾಲೀಕರನ್ನು ಕೇಳಿ ಗದ್ದೆಯ ಬದುವಿನಿಂದಲೋ ನಾಲ್ಕಾರು ಬಳ್ಳಿ ತನ್ನಿ. ಬುಡಸಹಿತ ಕೀಳಬೇಡಿ, ತುದಿ ಮಾತ್ರ ಸಾಕು. ತಂದದ್ದನ್ನು ನಿಮ್ಮ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ ಎಲೆಯ ಗುರುತು ಖಚಿತ ಮಾಡಿಕೊಳ್ಳಿ. ಒಂದು ಗೇಣು ಉದ್ದದ ಕಡ್ಡಿಯಲ್ಲಿ ಮೂರು ಗೆಣ್ಣು ಇದ್ದರೆ ಎರಡು ಗೆಣ್ಣು ಮಣ್ಣೊಳಗೆ, ಒಂದು ಮೇಲೆ. ಮಣ್ಣಿಗೆ ಒಂದಿಷ್ಟು ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಸಾಕು. ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರವಿರಲಿ, ನಡುವಿನ ಜಾಗವನ್ನು ಬಳ್ಳಿಯೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಬೇರೆ ಕಳೆಯನ್ನು ಕೈಯಿಂದ ಕಿತ್ತರಾಯಿತು.

ಪಾತಿಯ ಸುತ್ತ ಇಟ್ಟಿಗೆ ನಿಲ್ಲಿಸಿ, ಇಲ್ಲವೇ ಒಂದು ಗೇಣು ಅಗಲದ ಕಾಲುವೆ ತೆಗೆದು ಖಾಲಿ ಬಿಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆ ಗೆರೆ ದಾಟಿದ ಬಳ್ಳಿಯನ್ನು ಕತ್ತರಿಸಬೇಕು. ಹೂ ಮುಗಿದು ಪಾತಿ ಸೊರಗಿದಂತೆ ಕಂಡರೆ ಅರ್ಧ ಭಾಗವನ್ನು ಮಾತ್ರ ಸವರಿ, ಅದು ಚಿಗುರಿದ ಮೇಲೆ ಉಳಿದರ್ಧ. ಒಮ್ಮೆಗೇ ಎಲ್ಲ ಸವರಿದರೆ ಒಳಗಿನ ಹುಳು, ಜೇಡ, ಓತಿಕ್ಯಾತಕ್ಕೆ ಹೋಗಲು ಜಾಗವಿರುವುದಿಲ್ಲ. ಕತ್ತರಿಸಿದ ತುಂಡುಗಳನ್ನು ಕಲ್ಲಿನ ಮೇಲೆ ಬಿಸಿಲಿಗೆ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ನಿಮ್ಮ ಶಾಲೆಯಲ್ಲಿ ಈಗಾಗಲೇ ಸಿಂಗಪುರ ಡೇಸಿ ಇದ್ದರೆ ಅದಕ್ಕೂ ಇದೇ ವಿಧಿ, ಆದರೆ ಬೇರಿನ ಗೆಣ್ಣು ಒಂದೂ ಉಳಿಯದಂತೆ. ತರಗೆಲೆಯನ್ನು ಕಾಣುವ ಕಡೆ ಗುಡಿಸಿ, ಕಾಂಪೌಂಡಿನ ಮೂಲೆಯಲ್ಲಿ ಗುಡ್ಡೆ ಮಾಡಿ ಬಿಡಿ. ಬೆಂಕಿ ಬೇಡ.

ಹುಣಸೂರು, ಪಿರಿಯಾಪಟ್ಟಣದ ಕೆಂಪು ನೆಲದಲ್ಲಿ ಮಳೆಯನ್ನೇ ನಂಬಿದ ಶಾಲೆಗಳಿವೆ. ನಲ್ಲಿಯೇ ಇಲ್ಲದ ಕಡೆ ಈ ಗಿಡ ಬದುಕದು. ಅಲ್ಲಿಗೆ ಕುಟುಂಬ ಬೇರೆಯಾದರೂ ಕೆಲಸದಲ್ಲಿ ಸಮನಾದ ಇನ್ನೊಂದು ಹಳದಿ ಹೂ ಇದೆ, ತಂಗಡಿ. ಆವರಿಕೆ ಎಂದೂ ಕರೆಯುತ್ತಾರೆ. ಈ ಪೊದೆ ನಮ್ಮ ಒಣಭೂಮಿಯದೇ, ಬಹುವಾರ್ಷಿಕ, ಬೇರೂರಿದ ಮೇಲೆ ನೀರು ಕೇಳುವುದಿಲ್ಲ. ಒಂದು ಕಾಲದಲ್ಲಿ ದಕ್ಷಿಣ ಭಾರತದ ಚರ್ಮ ಹದ ಮಾಡುವವರೆಲ್ಲ ಇದರ ತೊಗಟೆಯನ್ನೇ ನೆಚ್ಚಿದ್ದರು. ಬದುವಿನ ಪೊದೆಗಳೆಲ್ಲ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆಯಾಗುವ ಊರುಗಳಲ್ಲಿ ಶಾಲೆಯ ಬೇಲಿಯಾದರೂ ಇದಕ್ಕೆ ನೆಲೆಯಾಗಲಿ. ಇದರ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ. ಕರಿಯ ದೊಡ್ಡ ಮರಕೊರಕ ಜೇನು ಬಂದು ಹೂವನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ಗುಂಯ್‌ಗುಟ್ಟಿದಾಗ ಪರಾಗ ಪುಡಿಯಾಗಿ ಉದುರುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಮರಕೊರಕ ಗೂಡು ಮಾಡುವುದು ಒಣ ಕೊಂಬೆ, ಬಿದಿರಿನ ಗಳುವಿನಲ್ಲಿ. ಹಾಗಾಗಿ ಬೇಲಿಯ ಒಣಗಿದ ಒಂದೆರಡು ಗಳುಗಳನ್ನು ಹಾಗೇ ಬಿಡಿ. ತಂಗಡಿಯ ಎಲೆಯ ಮೇಲೆ ಹಸಿರು ಕಂಬಳಿಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಬಹುಮಟ್ಟಿಗೆ ತಿಳಿಹಸಿರು ಛಾಯೆಯ ಬಿಳಿಯ ವಲಸೆ ಚಿಟ್ಟೆಯ ಮರಿ. ತಿಂದ ಎಲೆ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಕಾಲೇಜಿನವರು ಇದನ್ನು ಒಂದು ಪ್ರಾಜೆಕ್ಟ್ ಆಗಿಯೇ ಮಾಡಬಹುದು. ನಾಲ್ಕು ಕಡ್ಡಿ, ಒಂದು ದಾರದಿಂದ ಒಂದು ಮೀಟರ್ ಚೌಕವನ್ನು ಹಳದಿ ಗರುಗದ ಪಾತಿಯಲ್ಲಿ ಗುರುತಿಸಿ. ಅಷ್ಟೇ ದೊಡ್ಡ ಇನ್ನೊಂದು ಚೌಕ ಹುಲ್ಲುಹಾಸಿನಲ್ಲಿ ಅಥವಾ ಕ್ರೋಟನ್ ಸಾಲಿನಲ್ಲಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಹತ್ತು ಹತ್ತು ನಿಮಿಷ ಕುಳಿತು, ಬಂದ ಕೀಟಗಳನ್ನು ಎಣಿಸಿ. ಹೆಸರು ಗೊತ್ತಿಲ್ಲದಿದ್ದರೆ ಜೇನು, ನೊಣ, ಚಿಟ್ಟೆ, ಇರುವೆ, ಇತರೆ ಎಂದು ಐದು ಕಾಲಂ ಸಾಕು. ಮೋಡ, ಬಿಸಿಲು, ಗಾಳಿ ಬರೆದುಕೊಳ್ಳಲು ಮರೆಯದಿರಿ. ಹೂ ಎಷ್ಟು ಅರಳಿತ್ತೆಂದೂ ಬರೆಯಿರಿ, ಇಲ್ಲದಿದ್ದರೆ ಸಂಖ್ಯೆಗೆ ಅರ್ಥವಿಲ್ಲ. ಕೋಟೆಯ ಕಾಡಂಚಿನ ಶಾಲೆಯ ಪಟ್ಟಿಯನ್ನೂ ಕೆ.ಆರ್. ನಗರದ ಗದ್ದೆ ಬಯಲಿನ ಶಾಲೆಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ಕಾಣುತ್ತದೆಯೋ, ನನಗೆ ಕುತೂಹಲವಿದೆ. ಮೊದಲ ವರ್ಷದ ಪಾತಿ ಎಳೆಯದು, ಹೂವೂ ಕಡಿಮೆ, ಎಣಿಕೆಯೂ ಕಡಿಮೆ ಇರುತ್ತದೆ. ಪುಸ್ತಕವನ್ನು ಎತ್ತಿಟ್ಟುಕೊಂಡು ಎರಡನೆಯ ಮಳೆಗಾಲದಲ್ಲಿ ಅದೇ ಚೌಕದಲ್ಲಿ, ಅದೇ ಗಂಟೆಗಳಲ್ಲಿ ಮತ್ತೆ ಎಣಿಸಿ. ನೀವು ಆ ಹೊತ್ತಿಗೆ ಪಾಸಾಗಿ ಹೋಗಿದ್ದರೆ ಪುಸ್ತಕವನ್ನು ಕಿರಿಯ ತರಗತಿಯವರಿಗೆ ಒಪ್ಪಿಸಿ ಹೋಗಿ.